ಪರದೆಗೆ ಹಾಕಿದ ಲೈನಿಂಗ್

ತೆಳುಬಟ್ಟೆ ಕೈಗೆ ಬಂದರೆ ಟೈಲರಕ್ಕ ಲೈನಿಂಗ್ ಹಾಕದೆ ಬಿಡುವವಳಲ್ಲ. ಮೈ ಕಾಣಬಾರದು, ಅಷ್ಟೇ. ಅದೇ ಅಭ್ಯಾಸದಲ್ಲಿ ಜೊತೆಗಾತಿ ಗುಬ್ಬಿಯ ಕಲಾಪ್ರದರ್ಶನದ ಪರದೆಗೂ ಹಿಂದೊಂದು ಕಪ್ಪು ಬಟ್ಟೆ ಕೂಡಿಸಿ ಹೊಲಿದುಬಿಟ್ಟಿದ್ದಳು. ಗ್ಯಾಲರಿಯ ನಡುವೆ ಪರದೆ ಇಳಿಬಿಟ್ಟು ಪ್ರೊಜೆಕ್ಟರ್ ಹಚ್ಚಿದರೆ ಒಂದು ಬದಿಗೆ ವಿಡಿಯೊ, ಇನ್ನೊಂದು ಬದಿಗೆ ಕಗ್ಗತ್ತಲು.

"ಎರಡೂ ಕಡೆಯಿಂದ ಕಾಣ್ಲಿ ಅಂತ ತಾನೇ ಈ ಬಟ್ಟೆ ತಂದಿದ್ದು! ಮದುವೆ ಹೆಣ್ಣಿಗೆ ಹೊಲಿದ ಹಾಗೆ ಹೊಲಿದಿದ್ದೀಯಲ್ಲೇ!" ಗುಬ್ಬಿ ತಲೆ ಚಚ್ಚಿಕೊಂಡಳು.

"ಕೈತಪ್ಪಿ ಆಗೋಯ್ತು ಕಣೇ."

ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಬಾಳತೊಡಗಿ ವರ್ಷಗಳಾಗಿದ್ದವು. ಲೋಕಕ್ಕೆ ಮಾತ್ರ, ಟೈಲರಕ್ಕನ ಅಣ್ಣನಿಗೂ ಕೂಡ, ಗುಬ್ಬಿ ಬಾಡಿಗೆ ಹಂಚಿಕೊಳ್ಳುವ ಗೆಳತಿ. ತಮ್ಮಂಥವರ ಬದುಕನ್ನೇ ವಿಡಿಯೊ ಮಾಡಲು ಹೊರಟ ಗುಬ್ಬಿ, "ನೀನು ನನ್ನ ತಲೆ ಬಾಚೋದನ್ನ ತೆಗೀತೀನಿ, ಬಾ" ಎಂದಾಗ, "ಗಿರಾಕಿಗಳು ನೋಡಿದ್ರೆ ಅಂಗಡಿಗೆ ಬೀಗವೇ" ಎಂದು ಜಾರಿಕೊಂಡಿದ್ದವಳು ಟೈಲರಕ್ಕನೇ. ಆ ಜಾಗಕ್ಕೆ ಗುಬ್ಬಿಯ ಹಳೆಯ ಪ್ರೇಮಿ, ಒಬ್ಬಳು ಡಾನ್ಸರ್, ಬಂದು ನಿಂತಳು.

ಈಗ ಎರಡಾಳೆತ್ತರದ ಪರದೆಯಲ್ಲಿ ಟೈಲರಕ್ಕನದೇ ಅಡುಗೆಮನೆ, ಅವಳದೇ ಸ್ಟೂಲು. ಗುಬ್ಬಿಯ ಕೂದಲಲ್ಲಿ ಇನ್ನೊಬ್ಬಳ ಬೆರಳು. ಗುಬ್ಬಿ ಕಣ್ಣು ಮುಚ್ಚಿ ಕತ್ತು ವಾಲಿಸುತ್ತಾಳೆ. ಲೈನಿಂಗ್ ಹಾಕಿದ್ದು ನಿಜಕ್ಕೂ ಕೈತಪ್ಪಿಯೇ? ಟೈಲರಕ್ಕನಿಗೇ ಅನುಮಾನ ಬಂತು.

"ಸಿಕ್ಕು ಬಿಡಿಸೋಕೂ ಬರಲ್ಲ ಅವಳಿಗೆ. ಎಮ್ಮೆ ಮೈ ಉಜ್ಜಿದ ಹಾಗೆ ಉಜ್ತಾಳೆ."

"ನಿನಗೆ ಬರುತ್ತಲ್ಲ, ನೀನು ಬಂದೆಯಾ?"

"ಮತ್ತೆ ತೆಗಿ. ನಾನು ನಿಲ್ತೀನಿ. ಬೆನ್ನು ಮಾತ್ರ ತೋರಿಸು."

"ಬೆನ್ನಂತೆ! ಅವಳು ಮುಖ ಕೊಟ್ಟಳು ಕಣೇ. ಅದನ್ನ ನಾನು ಕತ್ತರಿಸಲ್ಲ. ಹೊಲಿಗೆ ಬಿಚ್ಚು, ಜನ ಬರೋ ಹೊತ್ತಾಯ್ತು."

ಟೈಲರಕ್ಕ ಏಣಿ ಹತ್ತಿ ಮೇಲಂಚಿನಿಂದ ಹೊಲಿಗೆ ಬಿಚ್ಚತೊಡಗಿದಳು. ಕಪ್ಪು ಬಟ್ಟೆ ಜಾರಿದ ಹಾಗೆ ಈಚೆ ಬದಿಗೂ ಮುಖ ಮೂಡಿತು. ಮೊದಲು ಡಾನ್ಸರಳದೇ. ಅಷ್ಟರಲ್ಲಿ ಒಳಬಂದ ಮೊದಲ ಪ್ರೇಕ್ಷಕಿ ಟೈಲರಕ್ಕನ ಖಾಯಂ ಗಿರಾಕಿ, ಶಾಲೆಯ ಹೆಡ್‌ಮಿಸ್.

"ಅರೆ, ಟೈಲರಕ್ಕ! ಪರದೆ ನಿಮ್ಮ ಹೊಲಿಗೆಯಾ? ಆ ಇಬ್ಬರನ್ನ ನೋಡ್ರೀ, ಜೋಡಿ ಅಂದ್ರೆ ಹೀಗಿರ್ಬೇಕು. ಯಾರ ದೃಷ್ಟಿಯೂ ತಾಗದಿರ್ಲಿ."

ಹೌದು ಮೇಡಂ ಎಂದು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಬಾಯಿ ಮಾತು ಕೇಳಲಿಲ್ಲ.

"ಜೋಡಿ ಅವರಲ್ಲ ಮೇಡಂ. ಕೂತಿರೋಳು ನನ್ನವಳು. ನಿಂತಿರೋಳು ನಟನೆಗೆ ಬಂದೋಳು."

ವೈರು ಸುತ್ತುತ್ತಿದ್ದ ಗುಬ್ಬಿಯ ಕೈ ನಿಂತಿತು. ಹೆಡ್‌ಮಿಸ್ ಏಣಿಯತ್ತ ನೋಡಿದರು, ಪರದೆಯತ್ತ ನೋಡಿದರು, ಮತ್ತೆ ಏಣಿಯತ್ತ.

"ಹಾಗಾದ್ರೆ ನೀವ್ಯಾಕೆ ಅದರಲ್ಲಿಲ್ಲ?"

ಟೈಲರಕ್ಕ ಮುಂದಿನ ಹೊಲಿಗೆಗೆ ಕತ್ತರಿ ಹಾಕಿದಳು. ಆಡಿದ್ದು ಆಡಿಯಾಗಿತ್ತು. ಹೊಟ್ಟೆಯುರಿ ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

ಗುಬ್ಬಿ ಬಂದು ಏಣಿ ಹಿಡಿದುಕೊಂಡಳು. "ಆ ಡಾನ್ಸರೂ ಬರ್ತಾಳೆ ಇವತ್ತು" ಎಂದಳು ಮೆಲ್ಲಗೆ.

"ಬರ್ಲಿ. ನಿನ್ನ ಪಕ್ಕ ನಿಲ್ಲೋಳು ನಾನೇ."