ಕುರ್ಸುಗುಡ್ಡೆಯ ಮೊದಲ ಗಂಟೆ

ಇಜಿದೋರ್ ಗುರ್ಕಾರರು ಸಾಯಲಿ ಎಂದು ಪ್ರೆಸಿಲ್ಲಾ ಯಾವತ್ತೂ ಪ್ರಾರ್ಥಿಸಿದವಳಲ್ಲ. ಗಂಟೆ ಮೇಲೇರುವ ತನಕ ಅವರು ಬದುಕಿರಲಿ ಎಂದೇ ದಿನಾ ಬೇಡಿಕೊಳ್ಳುತ್ತಿದ್ದಳು. ಕಿವಿ ಚೆನ್ನಾಗಿ ಕೇಳುತ್ತಿರಲಿ ಎಂದೂ ಸೇರಿಸುತ್ತಿದ್ದಳು. ಇದೆಂಥ ಪ್ರಾರ್ಥನೆ ಎಂದು ದೇವರಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಅವನು ನಡೆಸಿಕೊಟ್ಟ.

ಬದಿಯಡ್ಕದಿಂದ ಒಳಗಿನ ಕುರ್ಸುಗುಡ್ಡೆಯ ಮೇಲಿರುವ ಆ ಪುಟ್ಟ ಇಗರ್ಜಿಯನ್ನು ಕಟ್ಟಿದವರು ಕೆಂಪುಕಲ್ಲು ಕಡಿಯುವ ಕೂಲಿಗಳು. ಕಲ್ಲು ಕಡಿಯುವಾಗ ಮಣ್ಣಿನೊಳಗೆ ಒಂದು ಮರದ ಶಿಲುಬೆ ಸಿಕ್ಕಿತಂತೆ, ಗೆದ್ದಲು ಮುಟ್ಟಿರಲಿಲ್ಲವಂತೆ. ಅವರು ಅದಕ್ಕೊಂದು ಮಾಡು ಕಟ್ಟಿದರು. ಮಕ್ಕಳ ಜ್ವರ ಬಿಟ್ಟಿತೆಂದು ಸುದ್ದಿಯಾಯಿತು. ಮಂಜೇಶ್ವರ, ಉಪ್ಪಳದಿಂದೆಲ್ಲ ಶುಕ್ರವಾರ ಶುಕ್ರವಾರ ಜನ ಹರಕೆಯ ಮೇಣದ ಬತ್ತಿ ಹಿಡಿದು ಗುಡ್ಡ ಹತ್ತತೊಡಗಿದರು, ಯಾವ ಜಾತಿಯವರೆಂದು ಯಾರೂ ಕೇಳಲಿಲ್ಲ. ಗಂಟೆ ಬಾರಿಸುವ ಪಾಸ್ಕಲ್, ಅಂದರೆ ಪ್ರೆಸಿಲ್ಲಾಳ ಅಪ್ಪ, ಬಂದವರಿಗೆಲ್ಲ ಹೇಳುತ್ತಿದ್ದ ಕಥೆ ಇದು.

ಈ ಕಥೆ ಇಜಿದೋರರಿಗೆ ಆಗುತ್ತಿರಲಿಲ್ಲ. ಅವರು ಊರಿನ ಕ್ರೈಸ್ತರಿಗೆ ಗುರ್ಕಾರ, ಹಿರಿಯ. ತಮ್ಮ ಮುತ್ತಜ್ಜನಿಗೆ ಕನಸು ಬಿದ್ದು ಇಗರ್ಜಿ ಕಟ್ಟಿದ್ದೆಂದು ಬಾಗಿಲಿನ ಮೇಲೆ ಅಮೃತಶಿಲೆಯ ಫಲಕವನ್ನೇ ಹಾಕಿಸಿದ್ದರು. ಪಾಸ್ಕಲನ ಬಾಯಿ ನಿಲ್ಲಲಿಲ್ಲ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಗುರ್ಕಾರರು ಎಲ್ಲರೆದುರು, ಹರಕೆಯ ಮೇಣದ ತುಂಡುಗಳನ್ನು ಪಾಸ್ಕಲ್ ಕದ್ದು ಮಾರುತ್ತಾನೆ ಎಂದುಬಿಟ್ಟರು. ಬೀಗದ ಕೈ ಕಿತ್ತುಕೊಂಡರು. ಆ ಮಳೆಗಾಲ ದಾಟುವುದರೊಳಗೆ ಪಾಸ್ಕಲ್ ತೀರಿಕೊಂಡ.

ಹದಿಹರೆಯದ ಪ್ರೆಸಿಲ್ಲಾ ಗುರ್ಕಾರರ ಅಂಗಳದಲ್ಲಿ ನಿಂತು ಅಪ್ಪನಿಗೆ ಸಾವಿನ ಗಂಟೆ ಬಾರಿಸಿ ಎಂದು ಬೇಡಿದ್ದಳು. ಅವರು ಜಗಲಿಯಿಂದ ಇಳಿಯಲೂ ಇಲ್ಲ.

"ಕಳ್ಳನಿಗೆ ಗಂಟೆ ಇಲ್ಲ" ಎಂದರು.

ಗಂಟೆ ಕೇಳದಿದ್ದರೆ ಆ ಊರಿನಲ್ಲಿ ಸಾವು ಯಾರಿಗೂ ತಿಳಿಯುವುದಿಲ್ಲ. ಹೆಣಕ್ಕೆ ಹೆಗಲು ಕೊಡಲು ಜನ ಸಾಲದೆ ಅವಳು ಗಾರೆ ಕೆಲಸದ ಕೂಸಪ್ಪನ ಮನೆಗೆ ಓಡಿದಳು. ಅಪ್ಪ ಸದ್ದಿಲ್ಲದೆ ಗುಡ್ಡ ಹತ್ತಿ, ಇಗರ್ಜಿಯ ಹಿಂದೆ ಮಣ್ಣಾದ. ಆ ಮೌನವನ್ನು ಅವಳು ಒಂದು ದಿನವೂ ಮರೆಯಲಿಲ್ಲ.

ಆಮೇಲೆ ಅವಳು ಅದೇ ಕೂಸಪ್ಪನ ಜೊತೆ ಸುಣ್ಣದ ಗಾರೆಯ ಕೆಲಸ ಕಲಿತಳು. ಹಳೆ ಗೋಡೆಗಳ ಗುತ್ತಿಗೆ ಹಿಡಿಯುವಷ್ಟು ಬೆಳೆದಳು. ಇಗರ್ಜಿಯ ಗೋಡೆ ಮೇಲೆ ಬಳಿದಿದ್ದ ಸಿಮೆಂಟಿನೊಳಗೆ ತೇವ ಹಿಡಿದು ಉದುರತೊಡಗಿದಾಗ ಹೊಸ ಫಾದರ್ ಜೀರ್ಣೋದ್ಧಾರಕ್ಕೆ ಅವಳನ್ನೇ ಕರೆದರು. ಗೋಪುರದ ಗಂಟೆ ಕೆಳಗಿಳಿಸಿ, ಸಿಮೆಂಟು ಕೆರೆದು ಸುಣ್ಣ ಹಚ್ಚುತ್ತಾ ಬಂದು, ಬಾಗಿಲಿನ ಮೇಲಿನ ಫಲಕ ಕಳಚಿದರೆ ಹಿಂದೆ ಕೆಂಪುಕಲ್ಲಿನಲ್ಲಿ ಒಂದು ಶಿಲುಬೆ, ಅದರ ಪಕ್ಕ ಕಲ್ಲು ಕಡಿಯುವ ಕೊಡಲಿ, ಎರಡನ್ನೂ ಕೆತ್ತಲಾಗಿತ್ತು. ಅಪ್ಪ ಹೇಳಿದ್ದೇ ನಿಜ. ಪ್ರೆಸಿಲ್ಲಾ ಅಟ್ಟಣಿಗೆಯ ಮೇಲೆ ಕುಳಿತು ಗಳಗಳ ಅತ್ತಳು.

ಫಲಕವನ್ನು ಮತ್ತೆ ಹಾಕುವುದು ಬೇಡ ಎಂದರು ಫಾದರ್. ಗುರ್ಕಾರರ ಮನೆಯವರು ಮುಖ ಊದಿಸಿಕೊಂಡರು. ಅವರನ್ನು ಸಮಾಧಾನ ಮಾಡಲು ಫಾದರ್ ಒಂದು ಮಾತು ಕೊಟ್ಟುಬಂದರು.

"ಗುರ್ಕಾರರು ಹಾಸಿಗೆ ಹಿಡಿದಿದ್ದಾರೆ, ಕೊನೆಯ ತೈಲಲೇಪನವೂ ಆಗಿದೆ ಪ್ರೆಸಿಲ್ಲಾ ಬಾಯಿ. ಗಂಟೆ ಮೇಲೆ ಹಾಕಿದ ಮೇಲೆ ಮೊದಲು ತನ್ನ ಸಾವಿಗೇ ಬಾರಿಸಬೇಕು ಅಂತ ಅವರದ್ದೊಂದು ಆಸೆ ಉಂಟು. ನಾನು ಆಯ್ತು ಅಂದೆ. ಅಲ್ಲಿವರೆಗೆ ಯಾರೂ ಹಗ್ಗ ಮುಟ್ಟುವುದು ಬೇಡ."

"ಒಳ್ಳೇದಾಯ್ತು ಫಾದರ್" ಎಂದಳು ಪ್ರೆಸಿಲ್ಲಾ. ಅಂದಿನಿಂದ ಅವಳ ಪ್ರಾರ್ಥನೆ ಶುರುವಾಯಿತು.

ಗಂಟೆ ಗೋಪುರಕ್ಕೇರಿದ ಮರುದಿನ ಬೆಳಿಗ್ಗೆ ಫಾದರ್ ಮಂಜೇಶ್ವರಕ್ಕೆ ಹೋಗಿದ್ದರು. ಪ್ರೆಸಿಲ್ಲಾ ಕೈಯ ಸುಣ್ಣ ತೊಳೆದು, ತಲೆಗೆ ಸೆರಗು ಹೊದ್ದು, ಹೊಸ ಹಗ್ಗ ಹಿಡಿದಳು. ಒಂದು ಬಡಿತ. ಆಮೇಲೆ ಒಂದು ನಮೋ ಮರಿಯೆ ಜಪ ಹೇಳಿ ಮುಗಿಸುವಷ್ಟು ಮೌನ. ಮತ್ತೊಂದು ಬಡಿತ.

ಕೂಸಪ್ಪ ಗಾರೆಯ ಕರಣೆ ಬಿಟ್ಟು ಓಡಿಬಂದ. "ಎಂತ ಬಾಯಮ್ಮ ಇದು? ಸಾವಿನ ಗಂಟೆ ಅಲ್ವಾ? ಯಾರು ಹೋದದ್ದು?"

"ಅವತ್ತು ನೀವು ಹೆಗಲು ಕೊಟ್ಟಿರಲ್ಲ, ಅವರು ಕೂಸಪ್ಪಣ್ಣ."

ಕೂಸಪ್ಪ ತಲೆಯ ಮುಂಡಾಸು ತೆಗೆದು ಕಂಕುಳಲ್ಲಿಟ್ಟುಕೊಂಡು ಅವಳ ಪಕ್ಕ ನಿಂತ. ಅವಳು ಅವಸರ ಮಾಡಲಿಲ್ಲ. ಅಪ್ಪ ಸತ್ತವರಿಗೆ ಹೇಗೆ ಬಾರಿಸುತ್ತಿದ್ದನೋ ಹಾಗೆಯೇ, ಒಂದೂ ಕಡಿಮೆಯಾಗದಂತೆ ಬಾರಿಸಿ ಮುಗಿಸಿದಳು.

ಊರಿಗೆ ಬೇರೆ ಯೋಚನೆ ಬರುವುದಾದರೂ ಹೇಗೆ? ಮೊದಲ ಗಂಟೆ ಯಾರದೆಂದು ಎಲ್ಲರಿಗೂ ಗೊತ್ತಿತ್ತಲ್ಲ! ವಾಟ್ಸಾಪ್ ಗುಂಪಿನಲ್ಲಿ ಗುರ್ಕಾರರ ಫೋಟೋ, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಬದಿಯಡ್ಕದಿಂದ ಜೀಪಿನಲ್ಲಿ ಹೂವಿನ ಹಾರ ಬಂತು. ಗದ್ದೆಯಲ್ಲಿದ್ದವರು ಕಾಲು ತೊಳೆದು, ಕೈಗೊಂದು ಮೇಣದ ಬತ್ತಿ ಹಿಡಿದು ಗುಡ್ಡದ ಬುಡದ ಗುರ್ಕಾರರ ದೊಡ್ಡ ಮನೆಗೆ ನಡೆದರು. ದೂರದ ಸಂಬಂಧಿ ಹೆಂಗಸೊಬ್ಬಳು ಗೇಟಿನಿಂದಲೇ ಅಳು ಶುರುಮಾಡಿ, ಕೋಣೆಗೆ ನುಗ್ಗಿ, ಹಾರವನ್ನು ಮುದುಕರ ಕಾಲ ಮೇಲೆ ಹಾಕಿಯೇ ಬಿಟ್ಟಳು. ಮುದುಕರು ಆಗ ಸೊಸೆ ಫ್ಲಾವಿಯಾಳ ಕೈಯಿಂದ ಗಂಜಿ ಕುಡಿಯುತ್ತಿದ್ದರು.

ಪ್ರೆಸಿಲ್ಲಾ ಒಳಗೆ ಬಂದಾಗ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರ್ಕಾರರ ಗಲ್ಲದ ಮೇಲೆ ಗಂಜಿ ಇಳಿಯುತ್ತಿತ್ತು, ಕಣ್ಣು ಹಾರದ ಮೇಲಿತ್ತು. ನೋಡಿ ಅವಳಿಗೆ ಸಂತೋಷವಾಯಿತು. ಸುಳ್ಳೇಕೆ, ತುಂಬಾ ಸಂತೋಷವಾಯಿತು.

"ನನಗೆ ಗಂಟೆ ಬಾರಿಸಿದ್ದು ಯಾರು?" ಎಂದು ಕೇಳಿದರು.

"ನಾನು. ಆದರೆ ನಿಮಗಲ್ಲ, ಪಾಸ್ಕಲನಿಗೆ."

ಅಳುತ್ತಿದ್ದವಳು ಅಳು ನಿಲ್ಲಿಸಿದಳು. ಫ್ಲಾವಿಯಾ ಸಿಟ್ಟಿನಿಂದ ಎದ್ದು ನಿಂತಳು, ಮುದುಕರು ಕೈ ಎತ್ತಿ ತಡೆದರು.

"ಊರೆಲ್ಲ ಇಲ್ಲಿ ಉಂಟು ಗುರ್ಕಾರರೇ" ಎಂದಳು ಪ್ರೆಸಿಲ್ಲಾ. "ಅವತ್ತು ಎಲ್ಲರೆದುರು ಹೇಳಿದ್ದನ್ನು ಈಗ ಇನ್ನೊಮ್ಮೆ ಹೇಳಿ. ನನ್ನ ಅಪ್ಪ ಕಳ್ಳನಾ?"

ಗುರ್ಕಾರರು ಗಲ್ಲದ ಗಂಜಿ ಒರೆಸಿಕೊಂಡರು. ಆಮೇಲೆ, "ಅಲ್ಲ" ಎಂದರು. "ಅವ ಮೇಣ ಮುಟ್ಟಲಿಲ್ಲ. ನನಗೆ ಅವತ್ತೇ ಗೊತ್ತಿತ್ತು."

ಗೊತ್ತಿತ್ತು! ತಪ್ಪು ತಿಳಿದು ಹೇಳಿದ್ದಲ್ಲ, ಗೊತ್ತಿದ್ದೇ ಹೇಳಿದ್ದು. ಅವಳ ಕೈ ಆ ಕತ್ತಿನ ಕಡೆಗೆ ಹೋಗದೆ ಉಳಿದದ್ದೇ ದೊಡ್ಡದು.

"ಪ್ರೆಸಿಲ್ಲಾ, ನನಗೂ ಬಾರಿಸ್ತೀಯಲ್ಲ?" ಗುರ್ಕಾರರ ದನಿ ಮಗುವಿನದಾಗಿತ್ತು. "ಸದ್ದಿಲ್ಲದೆ ಕಳಿಸಬೇಡ ಮಗಾ."

"ಬಾರಿಸ್ತೇನೆ. ನನ್ನ ಅಪ್ಪನ ನಂತರದ್ದು ನಿಮ್ಮದು."

ಅವಳು ಬಗ್ಗಿ, ಅವರ ಕಾಲ ಮೇಲಿನ ಹಾರವನ್ನು ಎತ್ತಿಕೊಂಡಳು. "ಇದು ನಿಮಗೆ ಈಗ ಬೇಡ" ಎಂದು ಹೇಳಿ ಜನರ ಕಡೆಗೆ ತಿರುಗಿದಳು. "ಸಾವಿಗೆ ಅಂತ ಬಂದಿದ್ದೀರಿ. ಸತ್ತವರು ಗುಡ್ಡದ ಮೇಲೆ ಇದ್ದಾರೆ, ಬನ್ನಿ."

ಮೊದಲು ಕೂಸಪ್ಪ ಹೊರಟ. ಆಮೇಲೆ ಒಬ್ಬರ ಹಿಂದೆ ಒಬ್ಬರು, ಮೇಣದ ಬತ್ತಿ ಹಿಡಿದವರೆಲ್ಲ. ಅಳಲು ಬಂದಿದ್ದ ಆ ಹೆಂಗಸು ಗೇಟು ದಾಟಿದ ಮೇಲೆ ಅಳುವನ್ನು ಪುನಃ ಶುರುಮಾಡಿದಳು, ಈ ಸಲ ಪಾಸ್ಕಲನ ಹೆಸರು ಹಿಡಿದು. ಫ್ಲಾವಿಯಾ ಕೂಡ ಒಂದು ಗಳಿಗೆ ನಿಂತಿದ್ದು ಸೆರಗು ಎಳೆದುಕೊಂಡು ಅವರ ಹಿಂದೆ ನಡೆದಳು. ಬಾಗಿಲಲ್ಲಿ ಪ್ರೆಸಿಲ್ಲಾ ಒಮ್ಮೆ ತಿರುಗಿ ನೋಡಿದಳು. ಗುರ್ಕಾರರು ಒಬ್ಬರೇ ಕುಳಿತಿದ್ದರು, ಪಕ್ಕದಲ್ಲಿ ಗಂಜಿ ಆರುತ್ತಿತ್ತು.