ಮೂರನೇ ಭೇಟಿ

ನಮ್ಮ ಬರೆಯುವವರ ಗುಂಪಿನಲ್ಲಿ ವರ್ಷದ ಕೊನೆಯ ರಜೆ ಬಂತೆಂದರೆ ಕಥೆ ಕೊಟ್ಟು ಕಥೆ ಪಡೆಯುವ ಪದ್ಧತಿ ಇದೆ. ಗುಂಪು ಇರುವುದು ಫೋನಿನೊಳಗೆ. ನಲವತ್ತು ಜನ ಇದ್ದೇವೆ, ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ತಮಗೆ ಎಂಥ ಕಥೆ ಬೇಕೆಂದು ಪ್ರತಿಯೊಬ್ಬರೂ ಮೂರು ಸಾಲು ಬರೆದು ಹಾಕಬೇಕು. ಅದಕ್ಕೆ ಆಸೆ ಚೀಟಿ ಎನ್ನುತ್ತೇವೆ. ಆಮೇಲೆ ಕರಡಜ್ಜ ಚೀಟಿ ಎತ್ತಿ, ಯಾರು ಯಾರಿಗೆ ಬರೆಯಬೇಕೆಂದು ಗುಟ್ಟಾಗಿ ತಿಳಿಸುತ್ತಾರೆ. ಕರಡಜ್ಜ ಎಂದರೆ ಗುಂಪು ಕಟ್ಟಿದ ಹಿರಿಯರು, ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರಂತೆ. ಬಂದ ಕಥೆಯನ್ನು ಎಲ್ಲರೂ ಓದುತ್ತಾರೆ. ಪಡೆದವರು ಅದರ ಕೆಳಗೆ ಇಷ್ಟವಾದ ಒಂದು ಜಾಗ, ತಾವಾಗಿದ್ದರೆ ಬದಲಿಸುತ್ತಿದ್ದ ಒಂದು ಜಾಗ, ಎರಡನ್ನೂ ಬರೆಯಲೇಬೇಕು. ಬರೆದ ಮೇಲೆಯೇ ಕೊಟ್ಟವರು ಯಾರೆಂದು ಹೊರಬೀಳುವುದು.

ಅಲ್ಲಿ ನನ್ನ ಹೆಸರು ಸೂಜಿಮೊನೆ. ಅಕ್ಕನ ಆಲ್ಟರೇಷನ್ ಅಂಗಡಿಯಲ್ಲಿ ಕಾಜ, ಗುಂಡಿ, ಅಂಚು ಹೊಲಿಯುವವಳು ನಾನು. ಎಂಟನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು ಎನ್ನುವುದು ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲ. ಎದುರಿಗೆ ಯಾರಾದರೂ ನಿಂತರೆ ನನಗೆ ನಾಲಿಗೆ ಏಳುವುದಿಲ್ಲ. ಅಲ್ಲಿ ಮಾತ್ರ ಬರೆಯುತ್ತೇನೆ, ಅಳಿಸುತ್ತೇನೆ, ಮತ್ತೆ ಬರೆಯುತ್ತೇನೆ, ಯಾರೂ ಅವಸರ ಮಾಡುವುದಿಲ್ಲ.

ಈ ವರ್ಷ ನಾನು ಬರೆದ ಆಸೆ ಚೀಟಿ ಹೀಗಿತ್ತು: "ಶಾಲೆ ಬಿಟ್ಟ ಹುಡುಗಿ ಇರಲಿ. ಅವಳನ್ನು ಕೇಳಿಕೊಂಡು ಯಾರೂ ಬರಬಾರದು. ಆದರೆ ಯಾರದೂ ತಪ್ಪಿರಬಾರದು."

ನನ್ನ ಮಟ್ಟಿಗೆ ನಡೆದದ್ದೇ ಅದು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು, ಅಜ್ಜಿ ಸಾಕಿದರು. ನನಗೆ ಹದಿಮೂರಾದಾಗ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅಕ್ಕನಿಗೆ ಆಗ ಹತ್ತೊಂಬತ್ತು. ಬೆಳಿಗ್ಗೆ ಹೊಲಿಗೆ ಅಂಗಡಿಯಲ್ಲಿ ಕೆಲಸ, ಮಧ್ಯಾಹ್ನ ಕಟಿಂಗ್ ಕ್ಲಾಸು. ಮನೆಯಲ್ಲಿ ಒಬ್ಬರು ಇರಬೇಕಿತ್ತು, ನಾನು ಉಳಿದೆ. ಎರಡು ತಿಂಗಳು ಎಂದುಕೊಂಡದ್ದು ಐದು ವರ್ಷವಾಯಿತು. ಶಾಲೆಯಿಂದ ಒಂದು ನರಪಿಳ್ಳೆಯೂ ಬಂದು, ಆ ಹುಡುಗಿ ಎಲ್ಲಿ ಎಂದು ಕೇಳಲಿಲ್ಲ. ಅಷ್ಟು ಜನರ ನಡುವೆ ನಾನು ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ನನಗೆ ಆಗಲೇ ಮನದಟ್ಟಾಗಿತ್ತು. ಜನ ಕೂತಿರುವ ಕೋಣೆಗೆ ಹೋಗಬೇಕಾದರೆ ಈಗಲೂ ಅದೇ ನೆನಪಾಗುತ್ತದೆ.

ರಜೆಯ ಎರಡನೇ ದಿನ ಬೆಳಿಗ್ಗೆ ನನ್ನ ಕಥೆ ಬಂತು. ಅಂಗಡಿಯ ಬಾಗಿಲು ತೆಗೆದು ಕಸ ಗುಡಿಸಿ, ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟು ಓದಲು ಕೂತೆ.

ಕಥೆಯಲ್ಲಿ ಅಕ್ಕ ತಂಗಿ ಇದ್ದರು, ಹಾಸಿಗೆ ಹಿಡಿದ ಅಜ್ಜಿ ಇದ್ದರು. ಆ ಅಜ್ಜಿ ಮಂಚದ ಕಬ್ಬಿಣಕ್ಕೆ ಚಮಚ ಬಡಿದು ಕರೆಯುತ್ತಿದ್ದರು. ಒಂದು ಸಲ ಬಡಿದರೆ ನೀರು ಬೇಕು, ಎರಡು ಸಲವಾದರೆ ಮಗ್ಗುಲು ಬದಲಿಸಬೇಕು. ಮೂರು ಸಲ ಬಡಿದರೆ ಏನೂ ಬೇಡ, ಸುಮ್ಮನೆ ಬಂದು ಕೂರು ಎಂದರ್ಥ.

ನಾನು ಫೋನನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ಆ ಚಮಚದ ಲೆಕ್ಕ ಈ ಭೂಮಿಯ ಮೇಲೆ ಗೊತ್ತಿದ್ದದ್ದು ಮೂವರಿಗೆ. ಅವರಲ್ಲಿ ಅಜ್ಜಿ ಈಗಿಲ್ಲ.

ಅಕ್ಕ ಒಳಗೆ ಸ್ನಾನ ಮಾಡುತ್ತಿದ್ದಳು. ನೀರು ಸುರಿಯುವ ಸದ್ದು ಕೇಳುತ್ತಿತ್ತು. ನಾನು ಮುಂದಕ್ಕೆ ಓದಿದೆ.

ಕಥೆಯಲ್ಲಿ ಗಣಿತದ ಟೀಚರ್ ಮನೆಗೆ ಮೂರು ಸಲ ಬರುತ್ತಾರೆ. ಮೊದಲನೇ ಸಲ ಹುಡುಗಿ ಬೆಂಚಿನಲ್ಲಿ ಬಿಟ್ಟುಹೋದ ಕಂಪಾಸು ಡಬ್ಬಿ ತರುತ್ತಾರೆ. ಹುಡುಗಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿರುತ್ತಾಳೆ. ಅವಳಿಗೇ ಓದು ಬೇಡವಂತೆ ಎಂದು ಅಕ್ಕ ಹೇಳಿ ಕಳಿಸುತ್ತಾಳೆ. ಎರಡನೇ ಸಲ, ಹುಡುಗಿ ರೇಷನ್ ತರಲು ಹೋಗಿದ್ದಾಗ ಬಂದ ಟೀಚರ್, ಮಧ್ಯಾಹ್ನದ ಪಾಳಿಗಾದರೂ ಕಳಿಸಿ, ಮೂರು ಗಂಟೆ ಸಾಕು ಎನ್ನುತ್ತಾರೆ. ಮಧ್ಯಾಹ್ನ ಅಕ್ಕನಿಗೆ ಕಟಿಂಗ್ ಕ್ಲಾಸು. ನಾವು ಊರು ಬಿಡುತ್ತಿದ್ದೇವೆ ಎಂದು ಅವಳು ಸುಳ್ಳು ಹೇಳುತ್ತಾಳೆ. ಮೂರನೇ ಸಲ ಹುಡುಗಿ ಔಷಧಿ ಅಂಗಡಿಗೆ ಹೋದಾಗ ಟೀಚರ್ ಬಂದು, ಕೈಮುಗಿದು, "ಈ ಮಗುವಿನ ಎದೆಯ ದೀಪವನ್ನು ಆರಿಸಬೇಡಿ ತಾಯೀ, ನಾಳೆ ಇವಳು ನಾಲ್ಕು ಜನಕ್ಕೆ ಬೆಳಕಾಗುವವಳು" ಎನ್ನುತ್ತಾರೆ. ಅಕ್ಕ ತಲೆ ತಗ್ಗಿಸುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ನಾನು ಕತ್ತರಿ ಮೇಜಿನ ಕೆಳಗಿನ ಡ್ರಾಯರ್ ಎಳೆದೆ. ಕಂಪಾಸು ಅಲ್ಲೇ ಇತ್ತು. ಎಂಟು ವರ್ಷದಿಂದ ಅಕ್ಕ ಅದರಲ್ಲೇ ಕತ್ತಿನ ಸುತ್ತು ಗುರುತು ಹಾಕುವುದು. ಶಾಲೆಯ ಕೊನೆಯ ದಿನ ನಾನೇ ಬ್ಯಾಗಿನಲ್ಲಿ ತಂದಿದ್ದೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಗುಂಪಿನಲ್ಲಿ ರಂಪ ಶುರುವಾಗಿತ್ತು. ಆಸೆ ಚೀಟಿ ಮೀರಿ ಬರೆಯುವುದು ನಮ್ಮಲ್ಲಿ ಎಲ್ಲಕ್ಕಿಂತ ಕೆಟ್ಟ ನಡತೆ.

"ಕೇಳಿದ್ದೇನು, ಕೊಟ್ಟಿದ್ದೇನು? ಯಾರೂ ಬರಬಾರದು ಅಂದ್ರೆ ಮೂರು ಸಲ ಕರ್ಕೊಂಡು ಬಂದಿದೀರಲ್ಲ!" ಎಂದು ನರ್ಸಮ್ಮ ಬರೆದರು.

"ಹಾಲು ಕೇಳಿದವರಿಗೆ ಮೂಗು ಹಿಡಿದು ಔಷಧಿ ಕುಡಿಸಿದ ಹಾಗಾಯ್ತು," ಎಂದ ಬಸ್ ಪಾಸ್. ಅವನು ಕಂಡಕ್ಟರ್ ಅಂತೆ, ಎಲ್ಲದಕ್ಕೂ ಒಂದು ಮಾತು ಸಿದ್ಧ ಇಟ್ಟುಕೊಂಡಿರುತ್ತಾನೆ.

"ಆ ಅಕ್ಕ ಅಕ್ಕನೇ ಅಲ್ಲ, ರಾಕ್ಷಸಿ. ಆದ್ರೆ ಟೀಚರ್ ಹೇಳೋ ದೀಪದ ಮಾತಿದೆಯಲ್ಲ, ಓದಿ ಕಣ್ಣಲ್ಲಿ ನೀರು ಬಂತು," ಎಂದು ಗಡಿಬಿಡಿ ಎನ್ನುವ ಹೆಂಗಸು ಬರೆದಳು.

ಕೊನೆಗೆ ಕರಡಜ್ಜ ಬಂದರು. "ಸೂಜಿಮೊನೆ, ನೀವು ಬೇಡ ಅಂದರೆ ಈ ಕಥೆ ತೆಗೆದುಹಾಕೋಣ. ನಾನೇ ನಿಮಗೆ ಬೇರೆ ಬರೆದುಕೊಡುತ್ತೇನೆ. ಬರೆದವರು ಯಾರು ಅನ್ನೋದೂ ಹೊರಗೆ ಬರೋದಿಲ್ಲ. ನಾಳೆ ಮಧ್ಯಾಹ್ನದೊಳಗೆ ತಿಳಿಸಿ."

ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಅಂಗಡಿಗೆ ಬಂದಳು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಒಂದು ಪ್ಯಾಂಟಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದಳು. ನನ್ನ ಫೋನು ಗುಂಯ್ ಎಂದಾಗಲೆಲ್ಲ ಅವಳದೂ ಗುಂಯ್ ಎನ್ನುತ್ತಿತ್ತು. ಎಷ್ಟು ದಿನದಿಂದ ಇದು ನಡೆದಿತ್ತೋ. ಬೇರೆಯವರ ಬಿಚ್ಚಿದ ಹೊಲಿಗೆಯೆಲ್ಲ ಕಾಣುವ ನನಗೆ ಇದು ಕಂಡಿರಲಿಲ್ಲ. ಒಂದೊಂದು ಸದ್ದಿಗೂ ಅವಳ ಸೀಮೆಸುಣ್ಣ ಒಂದು ಕ್ಷಣ ನಿಲ್ಲುತ್ತಿತ್ತು.

ಆ ದಿನವಿಡೀ ನಾನು ಏನೂ ಕೇಳಲಿಲ್ಲ. ಊಟಕ್ಕೆ ಕೂತಾಗ, "ಉಪ್ಪು ಸಾಕಾ?" ಎಂದಳು. "ಸಾಕು" ಎಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿನ ಮೇಡಂ ಕೋಟು ಹಿಡಿದು ಬಂದರು.

"ನೋಡಮ್ಮಾ, ಬೀರುವಿನಲ್ಲಿ ಇಟ್ಟಲ್ಲೇ ಹೆಂಗೆ ಕುಗ್ಗಿದೆ! ಸ್ವಲ್ಪ ಬಿಡಿಸಿಕೊಡು."

"ಬೀರುವಿನಲ್ಲಿಟ್ಟ ಕೋಟೆಲ್ಲ ಕುಗ್ಗತ್ತೆ ಮೇಡಂ. ಹಾಕ್ಕೊಳ್ಳೋರು ಮಾತ್ರ ಇದ್ದ ಹಂಗೇ ಇರ್ತಾರೆ," ಎಂದಳು ಅಕ್ಕ. ಮೇಡಂ ಬಿದ್ದು ಬಿದ್ದು ನಕ್ಕರು. ಅಕ್ಕ ಒಳಮಗ್ಗುಲು ತಿರುಗಿಸಿ ನೋಡಿದಳು. "ಒಂದಿಂಚು ಬಟ್ಟೆ ಇದೆ, ಬಿಡಬಹುದು. ಆದ್ರೆ ಹಳೇ ಹೊಲಿಗೆಯ ತೂತು ಕಾಣತ್ತೆ. ಆಮೇಲೆ ನನ್ನ ಬೈಬಾರ್ದು."

"ನಿನ್ನ ಯಾರಮ್ಮಾ ಬೈತಾರೆ? ನಿನ್ನಂಥ ಅಕ್ಕ ಸಿಗಕ್ಕೆ ಈ ಹುಡುಗಿ ಪುಣ್ಯ ಮಾಡಿದ್ಲು," ಎಂದು ಮೇಡಂ ನನ್ನ ಕಡೆ ತಿರುಗಿದರು. "ಅಲ್ವೇನೇ? ಇವಳಿಗೆ ಬಾಯಿ ಇದೆಯೋ ಇಲ್ವೋ?"

ನಾನು ಗುಂಡಿಯ ದಾರ ಕಚ್ಚಿ ತುಂಡು ಮಾಡಿದೆ. ಮೇಡಂ ಹೋದರು.

"ಮರೆಗುಳಿ ನೀನೇನಾ?" ಎಂದೆ. ಮೂರು ತಿಂಗಳ ಹಿಂದೆ ಗುಂಪಿಗೆ ಸೇರಿದ ಒಬ್ಬರಿದ್ದರು, ಮರೆಗುಳಿ ಅಂತ. ಆಸೆ ಚೀಟಿ ಬಿಟ್ಟರೆ ಒಂದಕ್ಷರ ಬರೆದವರಲ್ಲ, ನನ್ನ ಬರಹಕ್ಕೆ ಮಾತ್ರ ತಪ್ಪದೆ ಹೂವಿನ ಗುರುತು ಒತ್ತುತ್ತಿದ್ದರು.

ಅಕ್ಕ ಕೋಟನ್ನು ಮೇಜಿನ ಮೇಲೆ ಹರಡಿದಳು. "ಹೂಂ."

"ಚೀಟಿ ನಿಂಗೆ ಹೆಂಗೆ ಬಂತು?"

"ನಿನ್ನ ಫೋನಲ್ಲಿ ಗುಂಪು ನೋಡಿ, ನೀನು ಬರೆಯೋದು ಓದಕ್ಕೆ ಅಂತ ಸೇರ್ಕೊಂಡಿದ್ದೆ. ನಂಗೆ ಬಂದ ಚೀಟಿ ಬೇರೆಯವರದು. ಬದಲಾಯಿಸಿಕೊಡಿ ಅಂತ ಕರಡಜ್ಜನ್ನ ಬೇಡ್ಕೊಂಡೆ. ನೀನು ಬರೆದಿದ್ದು ಓದಿದೆ ಕಣೇ. ಯಾರೂ ಕೇಳ್ಕೊಂಡು ಬರಬಾರದು ಅಂತ. ಇಷ್ಟು ವರ್ಷ ಅದೇ ಹಿಡ್ಕೊಂಡು ಕೂತಿದೀಯ ಅಂತ ನಂಗೇನು ಗೊತ್ತು?"

"ಬಾಯಲ್ಲಿ ಹೇಳಬಹುದಿತ್ತು."

"ನಿನ್ನ ಮುಖ ನೋಡ್ಕೊಂಡಾ?" ಎಂದಳು. "ನಂಗೆ ಹತ್ತೊಂಬತ್ತು ಆಗ. ಕಟಿಂಗ್ ಕ್ಲಾಸ್ ಬಿಟ್ಟಿದ್ರೆ ಇಬ್ಬರೂ ಸಾಯೋ ತನಕ ಗುಂಡಿ ಹಾಕ್ಕೊಂಡೇ ಇರ್ತಿದ್ವಿ."

"ಈಗ ನಾನೊಬ್ಳೇ ಹಾಕ್ತಿದೀನಿ."

ಅವಳು ಕೋಟಿನ ತೋಳನ್ನು ನೀವುತ್ತಲೇ ಇದ್ದಳು. ನೀವುವಂಥ ಸುಕ್ಕು ಅಲ್ಲಿರಲಿಲ್ಲ. ನಾನು ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿಟ್ಟೆ. ರಾತ್ರಿಯೆಲ್ಲ ಒಂದೇ ಮಾತು ತಲೆಯಲ್ಲಿ ಕೊರೆದಿತ್ತು, ಅದನ್ನು ಕೇಳಿದೆ.

"ಮೂರನೇ ಸಲ ಟೀಚರ್ ಏನಂದ್ರು?"

"ಬರ್ದಿದೀನಲ್ಲ."

"ಎದೆಯ ದೀಪ ಅಂತ ಅವರು ಅಂದಿರಲ್ಲ ಅಕ್ಕ. ಲೆಕ್ಕ ತಪ್ಪಿದ್ರೆ 'ತಲೆ ಮನೇಲಿ ಮರೆತು ಬಂದ್ಯಾ' ಅಂತಿದ್ದೋರು. ಕೈ ಮುಗಿಯೋರೂ ಅಲ್ಲ. ಮೊದಲೆರಡು ಸಲದ ಮಾತು ಅವರದ್ದೇ. ಇದು ನಿಂದು."

ಅಕ್ಕ ಸೀಮೆಸುಣ್ಣ ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. ಹೊರಗೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿ, ತಾವು ಹುಡುಕುವ ಅಂಗಡಿ ಇದಲ್ಲವೆಂದು ಕಂಡು ಮತ್ತೆ ತೆಗೆದುಕೊಂಡು ಹೋದರು.

"ನಾನು ಬಾಗಿಲೇ ತೆಗೀಲಿಲ್ಲ," ಎಂದಳು. "ಕಿಟಕಿಯಿಂದ ನೋಡಿದೆ, ಅವರೇ. ಚಿಲಕ ಹಾಕಿತ್ತು. ಹಂಗೇ ಗೋಡೆಗೆ ಒರಗಿ ನಿಂತೆ."

"ಅವರು?"

"ಬಡಿದ್ರು. ನಿನ್ನ ಹೆಸರು ಹಿಡಿದು ಕರೆದ್ರು."

"ನನ್ನ ಹೆಸರು?"

"ಹೂಂ."

"ಎಷ್ಟು ಸಲ?"

"ಎರಡು ಸಲ ಇರಬೇಕು."

"ಅಜ್ಜಿಗೆ ಕೇಳಿಸಲಿಲ್ವಾ?"

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಕೇಳಿಸ್ತು. ಚಮಚ ಬಡಿದ್ರು. ಮೂರು ಸಲ."

ನಾನು ಎದ್ದು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಸಿಟ್ಟು ಬರುತ್ತಿತ್ತು, ಆದರೆ ಅದು ಎಲ್ಲಿಂದ ಶುರುವಾಗಬೇಕು ಎನ್ನುವುದೇ ತಿಳಿಯುತ್ತಿರಲಿಲ್ಲ. ಓದಿದ್ದರೆ ಏನಾಗುತ್ತಿದ್ದೆ ಎಂದು ನಾನು ಯೋಚಿಸಲಿಲ್ಲ. ಒಬ್ಬರು ನಮ್ಮ ಮೆಟ್ಟಿಲಿನ ಮೇಲೆ ನಿಂತು ನನ್ನ ಹೆಸರು ಕೂಗಿದ್ದರು. ಆ ಹೊತ್ತಿಗೆ ನಾನು ಔಷಧಿ ಅಂಗಡಿಯ ಸಾಲಿನಲ್ಲಿ, ಮುಂದಿನವರು ನನ್ನನ್ನು ನೋಡದೆ ಹಿಂದಕ್ಕೆ ತಳ್ಳುತ್ತಿದ್ದರೆ, ತಳ್ಳಿಸಿಕೊಂಡು ನಿಂತಿದ್ದೆ. ಅದೊಂದು ನನಗೆ ಗೊತ್ತಿದ್ದಿದ್ದರೆ ಸಾಕಿತ್ತು, ಶಾಲೆ ಹೇಗೂ ಹೋಗಲಿ.

ಫೋನು ತೆಗೆದೆ. ಹನ್ನೊಂದೂವರೆ. ಕರಡಜ್ಜ ಮತ್ತೆ ಕೇಳಿದ್ದರು. ನರ್ಸಮ್ಮ, "ಪಾಪದ ಹುಡುಗಿ, ಹೇಳಕ್ಕೆ ಸಂಕೋಚ ಪಡ್ತಿರಬೇಕು. ತೆಗೆದುಹಾಕಿ ಅಜ್ಜಾ, ಅತ್ಲಾಗೆ ಹೋಗಲಿ," ಎಂದಿದ್ದರು. ಬೇಡ ಎನ್ನುವ ಒಂದು ಪದ ಸಾಕಿತ್ತು. ಕಥೆ ಹೋಗುತ್ತಿತ್ತು. ಅಕ್ಕನೂ ನಾನೂ ಮುಂದೆ ಅದರ ಮಾತೆತ್ತದೆ, ಉಪ್ಪು ಸಾಕಾ ಎಂದು ಕೇಳಿಕೊಂಡು ಇರಬಹುದಿತ್ತು. ಇಟ್ಟುಕೊಂಡರೆ ನಲವತ್ತು ಜನರ ಮುಂದೆ ಅವಳ ಹೆಸರು ಬರುತ್ತಿತ್ತು, ಅಡ್ಡಹೆಸರೇ ಇರಬಹುದು, ಆದರೂ ಬೈಗುಳ ಓದುವವಳು ಅವಳೇ ತಾನೇ.

ಬರೆದೆ, ಅಳಿಸಿದೆ. ನಾಲ್ಕನೇ ಸಲಕ್ಕೆ ಹೀಗೆ ನಿಂತಿತು:

"ಕಥೆ ಇರಲಿ. ಇಷ್ಟವಾದ ಜಾಗ: ಟೀಚರ್ ಕಂಪಾಸು ಡಬ್ಬಿ ತಂದದ್ದು. ಬದಲಿಸಬೇಕಾದ ಜಾಗ: ಮೂರನೇ ಭೇಟಿ. ಅಲ್ಲಿ ದೀಪದ ಮಾತು ಬೇಡ. ಅಕ್ಕ ಬಾಗಿಲು ತೆಗೆಯುವುದೂ ಬೇಡ. ಹೊರಗೆ ನಿಂತವರು ಏನು ಮಾಡಿದರೋ ಅಷ್ಟು ಮಾತ್ರ ಬರೆಯಲಿ."

ಗಡಿಬಿಡಿ ಕೂಡಲೇ, "ಅಯ್ಯೋ, ಇರೋದೊಂದು ಒಳ್ಳೇ ಮಾತು, ಅದೇ ಬೇಡ್ವಾ?" ಎಂದಳು. "ರಜೆ ದಿನ ಎಲ್ಲರನ್ನೂ ಅಳಿಸಬೇಕು ಅಂತಾನೇ ಇದೀರಾ," ಎಂದ ಬಸ್ ಪಾಸ್. ಕರಡಜ್ಜ ಅವರನ್ನು ಸುಮ್ಮನಿರಿಸಿ, "ಪಡೆದವರು ಕೇಳಿದ್ದಾರೆ. ಕೊಟ್ಟವರು ಒಪ್ಪಿದರೆ ತಿದ್ದಬಹುದು," ಎಂದು ಬರೆದರು.

ಒಳಗೆ ಅಂಗಡಿಯಲ್ಲಿ ಅಕ್ಕನ ಫೋನು ಗುಂಯ್ ಎಂದದ್ದು ಹಿತ್ತಲಿಗೂ ಕೇಳಿಸಿತು. ಆಮೇಲೆ ಮೆಷಿನ್ನಿನ ಸದ್ದು ನಿಂತಿತು.

"ಒಪ್ಪಿದೆ," ಎಂದು ಬಂತು. ಆಸೆ ಚೀಟಿ ಬಿಟ್ಟರೆ ಮರೆಗುಳಿ ಗುಂಪಿನಲ್ಲಿ ಮೊದಲ ಸಲ ಬರೆದ ಮಾತು ಅದು. ಅದನ್ನು ಬರೆದೊಡನೆ ಕೊಟ್ಟವರು ಯಾರೆಂದು ಎಲ್ಲರಿಗೂ ತಿಳಿಯಿತು.

ನಾನು ಒಳಗೆ ಹೋದಾಗ ಅವಳು ಕತ್ತರಿ ಮೇಜಿಗೆ ಮೊಣಕೈ ಊರಿ ಒಂದು ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದಳು. ನನ್ನನ್ನು ನೋಡಲಿಲ್ಲ. ಫೋನಿನ ಗಾಜಿನ ಮೇಲೆಲ್ಲ ಸೀಮೆಸುಣ್ಣದ ಪುಡಿ. ಗಿರಾಕಿ ಒಬ್ಬರು ಬಂದು ಜಿಪ್ಪು ಕೇಳಿದರು, ನಾನೇ ಮುಂದೆ ಹೋಗಿ ತೋರಿಸಿದೆ. ಯಾವ ಬಣ್ಣ, ಎಷ್ಟುದ್ದ ಎಂದು ನಾನೇ ಕೇಳಿದೆ.

ತಿದ್ದಿದ ಕಥೆ ಮೂರು ಗಂಟೆಗೆ ಬಂತು. ಕೊನೆಯ ಭಾಗ ಆರೇ ಸಾಲು. ಟೀಚರ್ ಚಪ್ಪಲಿ ಬಿಡದೆ ಮೆಟ್ಟಿಲಿನ ಮೇಲೆ ನಿಂತರು. ಬಾಗಿಲು ಬಡಿದರು. ಹುಡುಗಿಯ ಹೆಸರು ಹಿಡಿದು ನಾಲ್ಕು ಸಲ ಕರೆದರು. ನಾಲ್ಕನೇ ಸಲ ಮೆಲ್ಲಗೆ, ತರಗತಿಯಲ್ಲಿ ಹಾಜರಿ ಕೂಗುವ ಹಾಗೆ. ಒಳಗೆ ಅಜ್ಜಿ ಮೂರು ಸಲ ಚಮಚ ಬಡಿದರು. ಅಕ್ಕ ಹೋಗಿ ಅಜ್ಜಿಯ ಹತ್ತಿರವೂ ಕೂರಲಿಲ್ಲ.

ಬಾಯಲ್ಲಿ ಅವಳು ಎರಡು ಸಲ ಎಂದಿದ್ದಳು. ಬರೆಯುವಾಗ ನಾಲ್ಕು.

ಗುಂಪಿನಲ್ಲಿ ಯಾರು ಏನೆಂದರು ಎಂದು ನಾನು ನೋಡಲಿಲ್ಲ. ಬ್ಯಾಂಕಿನ ಮೇಡಂಗೆ ಕೋಟು ಸಂಜೆಗೆ ಬೇಕಿತ್ತು, ಅಂಚು ಬಾಕಿ ಇತ್ತು. ಕೂತು ದಾರ ಪೋಣಿಸಲು ನೋಡಿದೆ, ಕಣ್ಣು ಮಂಜಾಗಿ ಸೂಜಿಯ ಕಣ್ಣು ಸಿಗಲಿಲ್ಲ. ಇನ್ನೊಮ್ಮೆ ನೋಡಿದೆ, ಸಿಗಲಿಲ್ಲ. ಅಕ್ಕ ಎದ್ದು ಬಂದು, ನನ್ನ ಕೈಯಿಂದ ಸೂಜಿ ತೆಗೆದುಕೊಂಡು, ದಾರದ ತುದಿ ಒದ್ದೆ ಮಾಡಿ ಪೋಣಿಸಿ ಕೊಟ್ಟಳು.

ತೆಗೆದುಕೊಂಡೆ. ಅವಳ ಮುಖ ನೋಡಲಿಲ್ಲ. ಕೋಟಿನ ಅಂಚು ಮಡಚಿ ಹೊಲಿಯತೊಡಗಿದೆ.