ನಾಗವ್ವನ ಬಾವಿ

ತಿಪ್ಪಣ್ಣನವರ ಬಾವಿಯ ಕಥೆ ಕೇಳದ ಕನ್ನಡಿಗ ಕೆನಡಾದ ರಿಚ್ಮಂಡ್ ಹಿಲ್‌ನಲ್ಲಿ ಯಾರಾದರೂ ಇದ್ದರೆ, ಅವನು ನಿನ್ನೆಯಷ್ಟೇ ವಿಮಾನ ಇಳಿದಿರಬೇಕು. ಗಣಪತಿ ಹಬ್ಬದ ಊಟದ ಪಂಕ್ತಿಯಲ್ಲಿ ಹೇಳುತ್ತಿದ್ದರು, ದೇವಸ್ಥಾನದ ಪಾರ್ಕಿಂಗಿನಲ್ಲಿ ಹೇಳುತ್ತಿದ್ದರು. ಒಮ್ಮೆ ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಡೆಂಟಿಸ್ಟಿಗೂ ಹೇಳಿದ್ದರು. ಎಪ್ಪತ್ತೇಳು ವರ್ಷದ ಈ ನಿವೃತ್ತ ಎಂಜಿನಿಯರರ ಹೆಂಡತಿ ಪದ್ಮಾ ಅವರಿಗಂತೂ ಕಥೆ ಬಾಯಿಪಾಠವಾಗಿತ್ತು. ಗಂಡ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲನ್ನು ಅವರೇ ಹೇಳಿಬಿಡುತ್ತಿದ್ದರು.

ಕಥೆ ಇಷ್ಟು. ಸಾವಿರದ ಒಂಬೈನೂರ ಎಂಬತ್ತೆರಡನೇ ಇಸವಿ, ಆಫ್ರಿಕಾದ ನೈಜರ್ ದೇಶ. ಸುತ್ತ ಏಳು ದೇಶಗಳು, ಯಾವ ದಿಕ್ಕಿಗೆ ಹೊರಟರೂ ಗಡಿಯೇ ಹೊರತು ಸಮುದ್ರವಿಲ್ಲ. ಉತ್ತರಕ್ಕೆ ಬರೀ ಮರಳು. ದಕ್ಷಿಣಕ್ಕೆ ಸಜ್ಜೆ ಬೆಳೆಯುವ ಹೊಲ. ಎರಡರ ನಡುವೆ ತೆಳ್ಳಗೆ ಹಾದುಹೋಗುವ ಹುಲ್ಲುಗಾವಲು, ಅದನ್ನೇ ನಂಬಿಕೊಂಡು ತಿರುಗುವ ದನಗಾಹಿಗಳು. ಕೆನಡಾದ ಒಂದು ಕಂಪನಿಯ ಪರವಾಗಿ ಹೋದ ತಿಪ್ಪಣ್ಣ ಅಲ್ಲಿ ಆರುನೂರು ಅಡಿ ಕೊರೆಸಿ ನೀರು ಉಕ್ಕಿಸಿದರು. ಹಸಿ ಸಿಮೆಂಟಿನ ಮೇಲೆ ಮೊಳೆ ಹಿಡಿದು, ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ, ತಾಯಿಯ ಹೆಸರು ಬರೆದರು: ನಾಗವ್ವ. ಬಾವಿ ತೋಡಿಸಿದ ಪುಣ್ಯ ಏಳು ತಲೆಮಾರು ಕಾಯುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಆ ಪುಣ್ಯ ಅವಳಿಗೇ ಸಲ್ಲಲಿ ಎಂಬುದು ಮಗನ ಆಸೆ. ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ಅಲ್ಲಿಗೆ ಮುಗಿಸಬಾರದು ಎಂದು ಗೊತ್ತಿದ್ದದ್ದು ಹೇಳುವವರೊಬ್ಬರಿಗೇ.

ಈ ಸಲ ಲೈಬ್ರರಿಯಲ್ಲಿ ಸೇರುವ ಕನ್ನಡ ಹಿರಿಯರ ಕೂಟದವರು ಅವರನ್ನೇ ಭಾಷಣಕ್ಕೆ ಕರೆದಿದ್ದರು, ಸ್ಲೈಡ್ ಸಮೇತ. ಸ್ಲೈಡ್ ಮಾಡುವ ಕೆಲಸ ಹತ್ತನೇ ತರಗತಿಯ ಮೊಮ್ಮಗಳು ಈಶಾಳದ್ದು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೈಜರ್ ನಕ್ಷೆಯನ್ನು ಹಿಗ್ಗಿಸುತ್ತಿದ್ದವಳು ಒಮ್ಮೆಲೇ ಕೂಗಿದಳು.

"ಅಜ್ಜಾ! ಇಟ್ಸ್ ಆನ್ ದ ಮ್ಯಾಪ್!"

ಖಾಲಿ ನಕ್ಷೆಯ ನಡುವೆ ಸಣ್ಣ ಅಕ್ಷರದಲ್ಲಿ 'ನಾಗಾವಾ' ಎಂದಿತ್ತು. ಸಿಮೆಂಟಿನ ಮೇಲಿನ ಹೆಸರು ನಲವತ್ತು ವರ್ಷದಲ್ಲಿ ಊರಿನ ಹೆಸರಾಗಿಬಿಟ್ಟಿತ್ತು. ತಿಪ್ಪಣ್ಣನವರ ಕಣ್ಣು ತುಂಬಿ ಬಂತು.

"ನೋಡ್ರಿ, ನಮ್ಮತ್ತಿ ಹೆಸರು ಜಗತ್ತಿನ ಮ್ಯಾಪಿನ್ಯಾಗ!" ಎಂದು ಪದ್ಮಾ ಪಿಕರಿಂಗ್‌ನ ತಂಗಿಗೆ ಫೋನ್ ಹಚ್ಚಲು ಹೊರಟರು.

ಅಷ್ಟರಲ್ಲಿ ಈಶಾ ಉಪಗ್ರಹದ ಚಿತ್ರ ತೆರೆದಿದ್ದಳು. ಸುತ್ತಲೂ ಅಲ್ಲಲ್ಲಿ ಹಸಿರು ಚುಕ್ಕೆ, ಪೊದೆ. ನಾಗಾವಾ ಇದ್ದಲ್ಲಿ ಮಾತ್ರ ಬೋಳು ತಲೆಯಂಥ ಒಂದು ದೊಡ್ಡ ದುಂಡು. ನಾಲ್ಕೂ ಕಡೆಯಿಂದ ಗೆರೆಗಳು ಅದರ ನಡುಮಧ್ಯಕ್ಕೆ ಬಂದು ಸೇರಿದ್ದವು. ಇದೇನು, ಉಲ್ಕೆ ಬಿದ್ದದ್ದಾ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ನೀರು ಬಂದಲ್ಲೇ ಹಸರಾಗಬೇಕಿತ್ತಲ್ರಿ?" ಎಂದರು ಪದ್ಮಾ, ಫೋನ್ ಕೈಯಲ್ಲೇ ಹಿಡಿದು.

ಆ ಗೆರೆಗಳು ದನ ನಡೆದ ದಾರಿಗಳು ಎಂದು ತಿಪ್ಪಣ್ಣನವರಿಗೆ ನೋಡಿದ ಕೂಡಲೇ ಗೊತ್ತಾಯಿತು. ಅವರು ಬೇಸ್‌ಮೆಂಟಿಗೆ ಇಳಿದರು. ಹಳೆಯ ಡ್ರಾಯಿಂಗ್‌ಗಳ ಪೆಟ್ಟಿಗೆಯ ತಳದಿಂದ ಒಂದು ಪತ್ರ ತಂದು ಮೊಮ್ಮಗಳ ಮುಂದಿಟ್ಟರು. ಎಂಬತ್ತೈದರಲ್ಲಿ ಅವರ ದುಭಾಷಿ ಸೇಡೂ ಫ್ರೆಂಚಿನಲ್ಲಿ ಬರೆದದ್ದು. ಈಶಾ ಪಾಠವೆಲ್ಲ ಫ್ರೆಂಚಿನಲ್ಲೇ ನಡೆಯುವ ಇಮ್ಮರ್ಶನ್ ಶಾಲೆಯವಳು, ಸರಾಗವಾಗಿ ಓದಿ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಎರಡನೇ ಪ್ಯಾರಾದ ಹೊತ್ತಿಗೆ ಅವಳ ದನಿ ನಿಧಾನವಾಯಿತು.

ಮಳೆ ಕೈಕೊಟ್ಟ ವರ್ಷ ನೂರಾರು ಮೈಲಿಯಿಂದ ದನಗಳೆಲ್ಲ ನಿಮ್ಮ ಬಾವಿಗೇ ಬಂದವು. ಒಂದು ದಿನದ ನಡಿಗೆಯ ದೂರದವರೆಗೆ ಒಂದು ಕಡ್ಡಿ ಹುಲ್ಲು ಉಳಿಯಲಿಲ್ಲ. ನೀರು ನಿಲ್ಲಲೇ ಇಲ್ಲ. ದನಗಳು ಹೊಟ್ಟೆ ತುಂಬ ನೀರು ಕುಡಿದು, ತೊಟ್ಟಿಯ ಪಕ್ಕದಲ್ಲೇ ಹಸಿವಿನಿಂದ ಸತ್ತವು. ಮುದುಕ ಹಾರೂನ ತನ್ನ ಕೊನೆಯ ಹಸುವನ್ನೂ ಕಳೆದುಕೊಂಡು ಪಟ್ಟಣಕ್ಕೆ ಹೋದ. ನಿಮ್ಮ ಕ್ಷೇಮ ಕೇಳಿದ ಅಂತ ತಿಳಿಸಲು ಹೇಳಿದ್ದಾನೆ.

"ಹಾರೂನ ಯಾರು?" ಎಂದಳು ಈಶಾ.

ತಿಪ್ಪಣ್ಣ ಮೊದಲ ಸಲ ಅದನ್ನು ಬಿಡಿಸಿ ಹೇಳಿದರು. ಕಥೆಯಲ್ಲಿ ಎಂದೂ ಬಾರದ ಹಾರೂನ ಆ ಸೀಮೆಯ ದನಗಾಹಿಗಳ ಹಿರಿಯ. ಅವರ ಹಳೆಯ ಬಾವಿಗಳಲ್ಲಿ ನೀರು ಹಗ್ಗ ಹಾಕಿ ಸೇದುವಷ್ಟೇ. ಅದಕ್ಕೂ ಹಾರೂನನ ಅಪ್ಪಣೆ ಬೇಕು. ಹೊಸಬರ ದನಕ್ಕೆ ಮೂರು ದಿನ ನೀರು, ಆಮೇಲೆ ಮುಂದೆ ನಡೆಯಬೇಕು. ಕೊಳವೆಬಾವಿಗೂ ಬೀಗ ಹಾಕಿ ಬೀಗದಕೈ ತನಗೆ ಕೊಡು ಎಂದು ಅವನು ಕೇಳಿದ್ದ. "ನೀರು ಕಡಿಮೆ ಇದ್ದದ್ದಕ್ಕೇ ಇಲ್ಲಿ ಹುಲ್ಲು ಉಳಿದಿದೆ. ನೀರು ನೀನು ಕೊಡುತ್ತೀ, ಹುಲ್ಲು ಯಾರು ಕೊಡುತ್ತಾರೆ?" ಎಂದಿದ್ದ.

ತಿಪ್ಪಣ್ಣನವರಿಗೆ ಕೇಳಿಸಿದ್ದು ಹಾರೂನನ ಮಾತಲ್ಲ, ರೋಣದ ಕಡೆಯ ತಮ್ಮೂರಿನ ಗೌಡರ ಮಾತು. ಗೌಡರ ಬಾವಿಯ ಕಟ್ಟೆ ಹತ್ತುವಂತಿಲ್ಲದ ಕುಲ ಅವರದು. ಯಾರಾದರೂ ಮನಸ್ಸು ಮಾಡಿ ಎರೆಯಲಿ ಎಂದು ಅವ್ವ ಕೊಡ ಇಟ್ಟುಕೊಂಡು ಬಿಸಿಲಲ್ಲಿ ನಿಂತಿರುತ್ತಿದ್ದಳು. ಬಾವಿಗೆ ತನ್ನ ಅಪ್ಪಣೆ ಬೇಕೆನ್ನುವ ಯಾವ ಮುದುಕನನ್ನೂ ಅವರು ಕ್ಷಮಿಸುವಂತಿರಲಿಲ್ಲ. ಬೀಗವಿಲ್ಲ, ಇದು ಎಲ್ಲರ ನೀರು ಎಂದು ನಕ್ಕುಬಿಟ್ಟರು. ಆ ಸಿಟ್ಟಿನಲ್ಲೇ ಅವ್ವನ ಹೆಸರು ಬರೆದದ್ದು.

"ನಮ್ಮತ್ತಿಗೆ ಇದು ಗೊತ್ತಿತ್ತೇನ್ರಿ?" ಪದ್ಮಾ ಕುರ್ಚಿಯಲ್ಲಿ ಕೂತಿದ್ದರು.

"ಇಲ್ಲ." ತಿಪ್ಪಣ್ಣ ಮೇಜು ನೋಡುತ್ತ ಹೇಳಿದರು. "ಎಂಬತ್ಮೂರರಾಗ ಊರಿಗೆ ಹೋದಾಗ ಬಾವಿ ಸುದ್ದಿ ಹೇಳಿದ್ನಲ್ಲಾ, ಅವ್ವ ಖುಷಿ ಆದ್ಲು. ಆಮ್ಯಾಲ ಏನಂದ್ಲು ಗೊತ್ತೈತೇನು? 'ಎಲ್ಲಾ ದನಾ ಅಲ್ಲೇ ಬಂದ್ರ ಮೇವಿಗೆ ಏನ್ಮಾಡ್ತಾರೋ ತಮ್ಮಾ?' ಸಾಲಿ ಕಟ್ಟಿ ಹತ್ತದಾಕಿ! ಅದs ಪ್ರಶ್ನಿ. ನಾ ನಕ್ಕೆ. ನೀರಿದ್ದಲ್ಲಿ ಮೇವು ತಾನ ಬರ್ತೈತಿ ಬಿಡವ್ವಾ ಅಂದೆ. ಓದಿದ ಮಗ ಹೇಳ್ಯಾನಂದ್ರ ಖರೇನ ಅಂತ ಸುಮ್ಮನಾದ್ಲು."

ಪತ್ರ ಬಂದ ಮೇಲೆ ಅವ್ವ ಇನ್ನೂ ಐದು ವರ್ಷ ಇದ್ದಳು. ಪ್ರತಿ ಸಲ ಹೋದಾಗಲೂ, ನನ್ನ ಬಾವಿ ಹ್ಯಾಂಗೈತೋ ಎಂದು ಕೇಳುತ್ತಿದ್ದಳು. ಚೆಂದೈತವ್ವಾ ಎಂದು ಇವರು ಹೇಳುತ್ತಿದ್ದರು.

ಪದ್ಮಾ ಒಂದೇ ಮಾತು ಆಡಿದರು. "ನಲವತ್ತ ವರ್ಷ ನನ್ನ ಬಾಯಿಂದನೂ ಸುಳ್ಳ ಹೇಳಿಸಿದ್ರಲ್ರಿ."

ತಿಪ್ಪಣ್ಣ ಮೊಮ್ಮಗಳತ್ತ ತಿರುಗಿದರು. ಆ ನಕ್ಷೆಯಲ್ಲಿ ಹೆಸರು ಬದಲಿಸಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು, ಅಲ್ಲಿನ ಸ್ವಯಂಸೇವಕರು ನೋಡಿ ಒಪ್ಪಬೇಕು ಎಂದಳು ಅವಳು.

"ಹಂಗಾರ ನಮ್ಮವ್ವನ ಹೆಸರು ತಗಿ ಕೂಸ. ಆ ಬೋಳು ನೆಲಕ್ಕ ಆಕಿ ಹೆಸರು ಬ್ಯಾಡ. ನನ್ನ ಹೆಸರು ಹಾಕು."

ಈಶಾ ಹಾಗೆಯೇ ಮಾಡಿದಳು.

ಶನಿವಾರ ಲೈಬ್ರರಿಯಲ್ಲಿ ತಿಪ್ಪಣ್ಣ ಪೂರ್ತಿ ಕಥೆ ಹೇಳಿದರು, ಹಾರೂನನನ್ನೂ ಸೇರಿಸಿ. ಚಪ್ಪಾಳೆ ಬೀಳಲಿಲ್ಲ. ಆದರೂ ನೀರು ಬಂತಲ್ಲ ಸಾರ್, ಅದು ದೊಡ್ಡದು ಎಂದು ಯಾರೋ ಸಮಾಧಾನ ಹೇಳಿ ಚಹಾ ತಂದುಕೊಟ್ಟರು. ಆ ಸಮಾಧಾನ ಕೇಳಿ ಅವರಿಗೆ ಇನ್ನಷ್ಟು ನಾಚಿಕೆಯಾಯಿತು.

ಹತ್ತು ದಿನದ ಮೇಲೆ ನಕ್ಷೆಯವರ ಉತ್ತರ ಬಂತು. ಅದೇ ಸೀಮೆಯ ಯಾರೋ ಬರೆದಿದ್ದರು. ಈಶಾ ಓದಿ ಹೇಳಿದಳು: ಹೆಸರು ಬದಲಿಸಲಾಗದು. ಇಲ್ಲಿಯ ಜನ ಈ ಜಾಗವನ್ನು ಕರೆಯುವುದೇ ಹೀಗೆ. ನಮ್ಮಜ್ಜನ ಎಂಬತ್ತು ದನ ಸತ್ತದ್ದು ಇಲ್ಲೇ. ನಾಗಾವಾ ಅಂದರೆ ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ.

ತಿಪ್ಪಣ್ಣ ಕಿಟಕಿಯ ಹೊರಗೆ ನೋಡಿದರು. ಇಬ್ಬನಿಗೆ ನೆಂದ ಪಕ್ಕದ ಮನೆಯ ಹುಲ್ಲುಹಾಸಿಗೆ ಸ್ಪ್ರಿಂಕ್ಲರ್ ಇನ್ನೂ ನೀರು ಹೊಡೆಯುತ್ತಿತ್ತು.

"ಬರಿ," ಎಂದರು ಕೊನೆಗೆ. "ಆ ಬಾವಿ ಕೊರಿಸಿದಾಂವ ನಾ. ನಾಗವ್ವ ಅಂದ್ರ ನನ್ನವ್ವ. ನಿಮ್ಮ ಹಿರಿಯರು ಕೇಳಿದ್ದ ಪ್ರಶ್ನಿನ ಆಕಿನೂ ಕೇಳಿದ್ಲು. ಇಬ್ಬರಿಗೂ ನಾ ನಕ್ಕಿದ್ದೆ."

ಈಶಾ ಫ್ರೆಂಚಿನಲ್ಲಿ ಟೈಪ್ ಮಾಡಿ ತಲೆಯೆತ್ತಿದಳು. "ಮುಂದೆ, ಅಜ್ಜಾ?"

"ಅಷ್ಟs. ಕೆಳಗ ನನ್ನ ಹೆಸರು ಹಾಕು."